ಧೂಳಿನ ಮರೆಯ ಬಿರುಗಾಳಿ: ನಾಲ್ಕು ದಶಕಗಳ ಲೆಕ್ಕ

ಕಣ್ಣಿಗೆ ಮಂಕಾಗಿ ಕಾಣುವ ಗೆಲಾಕ್ಸಿಯೊಂದು ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಬೆಳಗುತ್ತಿರಬಹುದು ಎಂಬುದನ್ನು ಮನದಟ್ಟು ಮಾಡಿಕೊಟ್ಟದ್ದು 1983ರಲ್ಲಿ ಹಾರಿದ ಐರಾಸ್ ಉಪಗ್ರಹ. ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ಕೂಡಿ ಕಟ್ಟಿದ ಅದರ ಆಯುಷ್ಯ ಹತ್ತೇ ತಿಂಗಳು. ಉಪಕರಣಗಳನ್ನು ತಣ್ಣಗಿಟ್ಟಿದ್ದ ದ್ರವ ಹೀಲಿಯಂ ತೀರುವಷ್ಟರಲ್ಲಿ ಆಕಾಶದ ಶೇ 96 ಭಾಗವನ್ನು ಅದು ಅವಕೆಂಪು ಬೆಳಕಿನಲ್ಲಿ ಜಾಲಾಡಿ ಮುಗಿಸಿತ್ತು. ಗೆಲಾಕ್ಸಿಯ ನಡುವಿನ ಧೂಳು ಒಳಗಿನ ಬೆಳಕನ್ನು ನುಂಗಿ, ತಾನು ಬಿಸಿಯಾಗಿ, ಆ ಶಕ್ತಿಯನ್ನು ಅವಕೆಂಪಿನಲ್ಲಿ ಹೊರಬಿಡುತ್ತದೆ. ಮರೆಮಾಡಿದ ಧೂಳೇ ಗುಟ್ಟನ್ನು ರಟ್ಟು ಮಾಡಿತು.

ಒಳಗೆ ಉರಿಯುತ್ತಿರುವುದು ಹೊಸ ನಕ್ಷತ್ರಗಳೋ, ಅನಿಲ ಕಬಳಿಸುತ್ತಿರುವ ದೈತ್ಯ ಕಪ್ಪುಕುಳಿಯೋ? 1988ರಲ್ಲಿ ಡೇವಿಡ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಎರಡನ್ನೂ ಒಂದೇ ಕಥೆಯೊಳಗೆ ತಂದರು. ಅನಿಲ ತುಂಬಿದ ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಬೆರೆಯುತ್ತವೆ, ಅನಿಲ ನಡುವಿಗೆ ಕುಸಿಯುತ್ತದೆ, ಧೂಳಿನ ಒಡಲಲ್ಲೇ ಕಪ್ಪುಕುಳಿ ಕೊಬ್ಬುತ್ತದೆ, ಕೊನೆಗೆ ಧೂಳು ಚದುರಿ ಆ ಕಪ್ಪುಕುಳಿಯ ಸುತ್ತ ಪ್ರಖರವಾಗಿ ಉರಿಯುವ ಕ್ವೇಸಾರ್ ಬಯಲಾಗುತ್ತದೆ. ಹತ್ತು ವರ್ಷಗಳ ಬಳಿಕ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್, ಕಪ್ಪುಕುಳಿಯ ಸುತ್ತ ಹುಟ್ಟುವ ಶಕ್ತಿಯೇ ಸುತ್ತಲಿನ ಅನಿಲವನ್ನು ಹೊರಗಟ್ಟಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಗಾಳಿ ಬೀಸಬೇಕು ಎಂದು ಸಿದ್ಧಾಂತ ಹೇಳಿತು. ನಕ್ಷತ್ರಗಳಿಗೆ ಕಚ್ಚಾವಸ್ತುವಾದ ತಣ್ಣನೆಯ ಅಣು ಅನಿಲವನ್ನೂ ಆ ಗಾಳಿ ಹೊತ್ತೊಯ್ಯುತ್ತದೆಯೇ ಎಂಬುದು ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕ ವರ್ಷ 2010. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 58 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಮಾರ್ಕೇರಿಯನ್ 231 ಎಂಬ ಗೆಲಾಕ್ಸಿ ಇದೆ. ಹಿಂದಿನ ವರ್ಷವಷ್ಟೇ ಹಾರಿದ್ದ, 3.5 ಮೀಟರ್ ಕನ್ನಡಿಯ ಹರ್ಷಲ್ ದೂರದರ್ಶಕ ಅದರ ದೂರ ಅವಕೆಂಪು ರೋಹಿತದಲ್ಲಿ ಹೈಡ್ರಾಕ್ಸಿಲ್ ಅಣುವಿನ ರೇಖೆಗಳನ್ನು ಓದಿತು. ಹಿನ್ನೆಲೆಯ ಬೆಳಕನ್ನು ಹೀರುತ್ತಿದ್ದ ಭಾಗ ನೀಲಿಯ ಕಡೆಗೆ ಸರಿದಿತ್ತು. ನಮಗೂ ಆ ಬೆಳಕಿನ ಮೂಲಕ್ಕೂ ನಡುವೆ ಇರುವ ಅನಿಲ ನಮ್ಮತ್ತ ಧಾವಿಸುತ್ತಿದೆ, ಅಂದರೆ ನಡುಗರ್ಭದಿಂದ ಹೊರಕ್ಕೆ ಹರಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ವೇಗ ಸೆಕೆಂಡಿಗೆ ಸುಮಾರು 1400 ಕಿಲೋಮೀಟರ್ ಮುಟ್ಟುತ್ತಿತ್ತು. ಅದೇ ವರ್ಷ ಫ್ರಾನ್ಸಿನ ಆಲ್ಪ್ಸ್ ಪರ್ವತದ ರೇಡಿಯೊ ದೂರದರ್ಶಕಗಳು ಕಾರ್ಬನ್ ಮೊನಾಕ್ಸೈಡ್ ರೇಖೆಯಿಂದ ಅಲ್ಲಿನ ಹರಿವನ್ನು ತೂಗಿದವು: ವರ್ಷಕ್ಕೆ ಸುಮಾರು 700 ಸೂರ್ಯರಷ್ಟು ದ್ರವ್ಯ. ಅಲ್ಲಿ ನಕ್ಷತ್ರಗಳಾಗಿ ಕಟ್ಟಿಕೊಳ್ಳುತ್ತಿದ್ದ ಅನಿಲದ ಎಷ್ಟೋ ಪಟ್ಟು ಅದು. ಹೀಗೇ ಹರಿದರೆ ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಉಗ್ರಾಣ ಬರಿದು.

ಆ ಬಳಿಕದ್ದು ಸುಗ್ಗಿಯ ಕಾಲ. 2015ರಲ್ಲಿ ಫ್ರಾನ್ಸೆಸ್ಕೊ ಟೊಂಬೆಸಿ ತಂಡ ಐರಾಸ್ ಪಟ್ಟಿಯದೇ ಒಂದು ಗೆಲಾಕ್ಸಿಯಲ್ಲಿ ಎರಡು ಗಾಳಿಗಳನ್ನು ಒಟ್ಟಿಗೆ ಗುರುತಿಸಿತು: ಕಪ್ಪುಕುಳಿಯ ಮಗ್ಗುಲಲ್ಲಿ ಬೆಳಕಿನ ಕಾಲು ವೇಗದಲ್ಲಿ ಹೊಮ್ಮುವುದು ಒಂದು, ಹೊರಗೆ ದೂರದಲ್ಲಿ ಅಣು ಅನಿಲವನ್ನು ತಳ್ಳುವುದು ಇನ್ನೊಂದು. ಮರುವರ್ಷ ನಾಡಿಯಾ ಜಕಾಂಸ್ಕಾ ಮತ್ತು ಸಂಗಡಿಗರು ಸುಮಾರು 1100 ಕೋಟಿ ವರ್ಷಗಳ ಹಿಂದಿನ ತೀರ ಕೆಂಪಾದ ನಾಲ್ಕು ಕ್ವೇಸಾರ್‌ಗಳನ್ನು ಚಿಲಿಯಿಂದ ನೋಡಿದಾಗ, ಆಮ್ಲಜನಕದ ರೇಖೆ ಸೆಕೆಂಡಿಗೆ 2600ರಿಂದ 5000 ಕಿಲೋಮೀಟರಿನಷ್ಟು ಅಗಲಕ್ಕೆ ಹರಡಿಕೊಂಡಿತ್ತು. ಅನಿಲ ಅಷ್ಟು ಬಿರುಸಿನಿಂದ ಚಲಿಸುತ್ತಿತ್ತು ಎಂಬುದರ ಗುರುತು ಅದು.

ಇಷ್ಟಾದ ಮೇಲೆ ಕಪ್ಪುಕುಳಿಯೇ ಗೆಲಾಕ್ಸಿಯನ್ನು ಕೊಲ್ಲುತ್ತದೆ ಎಂಬ ಮಾತು ಎಲ್ಲೆಡೆ ಓಡಾಡಿತು. ಸಾಕ್ಷಿಗಿಂತ ಮಾತು ಮುಂದೆ ಹೋಯಿತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ದೂರ ಹಾರುತ್ತದೆ, ಕಾಳು ಕಾಲ ಬಳಿಯೇ ಬೀಳುತ್ತದೆ. ಇಲ್ಲಿಯೂ ಅತಿ ಹೆಚ್ಚು ಬೆರಗು ಹುಟ್ಟಿಸುವ ವೇಗಗಳು ಬಿಸಿಯಾದ, ತೆಳುವಾದ ಅನಿಲದವು. ತೂಕವಿರುವುದು ತಣ್ಣನೆಯ ಅನಿಲದಲ್ಲಿ. ಅದರ ದೊಡ್ಡ ಪಾಲಿಗೆ ಗೆಲಾಕ್ಸಿಯ ಸೆಳೆತ ಮೀರುವ ವೇಗವಿಲ್ಲದಿದ್ದರೆ ಅದು ಮರಳಿ ಬೀಳಲೇಬೇಕು. ಇನ್ನು ಹರಿವಿನ ತೂಕವೆಂಬುದೂ ನೇರವಾಗಿ ಅಳೆದದ್ದಲ್ಲ. ಕಾರ್ಬನ್ ಮೊನಾಕ್ಸೈಡಿನಿಂದ ಹೈಡ್ರೋಜನ್ ಎಷ್ಟೆಂದು ಊಹಿಸುವ ಗುಣಾಂಕ, ಹರಿವಿನ ಆಕಾರ, ಅದು ಹಬ್ಬಿದ ದೂರ ಇವುಗಳಲ್ಲಿ ಒಂದನ್ನು ಬದಲಿಸಿದರೂ ಉತ್ತರ ಹಲವು ಪಟ್ಟು ಏರುಪೇರಾಗುತ್ತದೆ. ಗಾಳಿ ಇದೆ ಎಂಬುದು ಸಿದ್ಧವಾಗಿದೆ. ಅದು ಮಾಡಿದ ಹಾನಿಯ ಲೆಕ್ಕ ಇನ್ನೂ ಸಿದ್ಧವಾಗಿಲ್ಲ.

ಆ ಲೆಕ್ಕ ಪೂರೈಸಲು ಬೇಕಾದ ಉಪಕರಣವೇ ಇವತ್ತು ಇಲ್ಲದಿರುವುದು ನಮ್ಮನ್ನು ಕಾಡುತ್ತಿದೆ. ಹರ್ಷಲ್‌ನ ಹೀಲಿಯಂ 2013ರ ಏಪ್ರಿಲ್‌ನಲ್ಲಿ ಮುಗಿಯಿತು. ಅದರ ಉತ್ತರಾಧಿಕಾರಿಯಾಗಬೇಕಿದ್ದ, ಯುರೋಪ್ ಮತ್ತು ಜಪಾನ್ ಕೂಡಿ ರೂಪಿಸುತ್ತಿದ್ದ ಸ್ಪೈಕಾ ಯೋಜನೆಯನ್ನು 2020ರಲ್ಲಿ ಕೈಬಿಡಲಾಯಿತು. ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕ 2022ರಲ್ಲಿ ನಿಂತಿತು. ಜೇಮ್ಸ್ ವೆಬ್ ಅದ್ಭುತವಾದ ಕಣ್ಣು, ನಿಜ. ಆದರೆ ಅದರ ನೋಟ ಸುಮಾರು 28 ಮೈಕ್ರಾನಿಗೆ ಮುಗಿಯುತ್ತದೆ, ಹೈಡ್ರಾಕ್ಸಿಲ್‌ನ ಮುಖ್ಯ ರೇಖೆ ಇರುವುದು 119ರಲ್ಲಿ. ಬಹುದೂರದ ಗೆಲಾಕ್ಸಿಗಳಲ್ಲಿ ಆ ರೇಖೆ ಹಿಗ್ಗಿ ಚಿಲಿಯ ಆಲ್ಮಾ ದೂರದರ್ಶಕದ ತೆಕ್ಕೆಗೆ ಬರುತ್ತದೆ. 2018ರಲ್ಲಿ ಜಸ್ಟಿನ್ ಸ್ಪಿಲ್ಕರ್ ತಂಡ 1200 ಕೋಟಿ ವರ್ಷಗಳಿಗೂ ಹಿಂದಿನ ಧೂಳುಮಯ ಗೆಲಾಕ್ಸಿಯೊಂದರ ಗಾಳಿಯನ್ನು ಹಿಡಿದದ್ದು ಹೀಗೆಯೇ. ತೀರ ಹತ್ತಿರದ್ದನ್ನು ಹರ್ಷಲ್ ನೋಡಿತ್ತು, ತೀರ ದೂರದ್ದನ್ನು ಆಲ್ಮಾ ನೋಡುತ್ತಿದೆ. ನಡುವಿನ ಕಾಲ, ಅಂದರೆ ವಿಶ್ವದ ನಕ್ಷತ್ರಗಳು ಹೆಚ್ಚಾಗಿ ಹುಟ್ಟಿ ಆಮೇಲೆ ಗೆಲಾಕ್ಸಿಗಳು ಒಂದೊಂದಾಗಿ ತಣ್ಣಗಾದ ಕಾಲವೇ ಭೂಮಿಯ ನೀರಾವಿಯ ತಡೆಗೆ ಸಿಕ್ಕಿ ಕತ್ತಲಲ್ಲಿ ಉಳಿದಿದೆ.

2024ರ ಅಕ್ಟೋಬರ್‌ನಲ್ಲಿ ನಾಸಾ ಮುಂದಿನ ಅಧ್ಯಯನಕ್ಕೆ ಆರಿಸಿದ ಎರಡು ಯೋಜನೆಗಳಲ್ಲಿ ದೂರ ಅವಕೆಂಪಿನ ಪ್ರೈಮಾ ಒಂದು. ಇನ್ನೊಂದು ಎಕ್ಸ್-ಕಿರಣದ ದೂರದರ್ಶಕ. ಅದೂ ಕಪ್ಪುಕುಳಿಗಳ ಅಧ್ಯಯನಕ್ಕೆ ಯೋಗ್ಯವೇ. ಹಾರುವುದು ಎರಡರಲ್ಲಿ ಒಂದು, ಅದೂ 2032ರಲ್ಲಿ. ಧೂಳಿನೊಳಗಿನ ತಣ್ಣನೆಯ ಅನಿಲವನ್ನು ತೂಗುವ ಕೆಲಸಕ್ಕೆ ಪ್ರೈಮಾ ಬೇಕೇ ಬೇಕು.