ಹಡಗಿಗೆ ಹೆಸರುಂಟು, ಕೈಗೆ ಹೆಸರಿಲ್ಲ

ನ್ಯೂಜಿಲೆಂಡಿನ ಪಿಕ್ಟನ್ ಎಂಬ ಬಂದರು ಊರಿನಲ್ಲಿ ಒಂದು ಮುದಿ ಮರದ ಹಡಗಿದೆ. ಹೆಸರು ಎಡ್ವಿನ್ ಫಾಕ್ಸ್. ಅದು ಹುಟ್ಟಿದ್ದು ಮಾತ್ರ ನಮ್ಮ ಕಲ್ಕತ್ತೆಯ ಹತ್ತಿರ, ಹೂಗ್ಲಿ ನದಿಯ ದಂಡೆಯಲ್ಲಿ, 1853ರಲ್ಲಿ. ಮೈಯೆಲ್ಲಾ ತೇಗ ಮತ್ತು ಸಾಲದ ಮರ. ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಹೊತ್ತಿತು. 1858ರಲ್ಲಿ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಹೊತ್ತಿತು. ಕ್ಯೂಬಾಕ್ಕೆ ಚೀನೀ ಕೂಲಿಗಳನ್ನು, ನ್ಯೂಜಿಲೆಂಡಿಗೆ ವಲಸೆಗಾರರನ್ನು ಹೊತ್ತಿತು. ಕೊನೆಗೆ ಕಲ್ಲಿದ್ದಲ ಗೋದಾಮಾಗಿ ಮೂಲೆ ಸೇರಿತು.

1965ರಲ್ಲಿ ಅಲ್ಲಿನ ಆಸಕ್ತರ ಸಂಘವೊಂದು ಈ ಹಡಗನ್ನು ಒಂದೇ ಒಂದು ಶಿಲ್ಲಿಂಗಿಗೆ ಕೊಂಡಿತು. ಪಕ್ಕದ ಕೊಲ್ಲಿಯಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದುದನ್ನು 1986ರಲ್ಲಿ ಮತ್ತೆ ತೇಲಿಸಿ ತಂದರು. 1999ರಲ್ಲಿ ನೀರಿಲ್ಲದ ಕಟ್ಟೆಗೆ ಏರಿಸಿದರು. ಈಗ ಅದೊಂದು ಮ್ಯೂಸಿಯಂ. ಲಾಭದ ಆಸೆಯಿಲ್ಲದೆ ದುಡಿದ ಆ ಜನರ ಪ್ರೀತಿಯನ್ನು ನಾನು ಹಳಿಯುವುದಿಲ್ಲ. ಅವರಿಲ್ಲದಿದ್ದರೆ ನಮ್ಮ ಜನರ ಕೈಕೆಲಸದ ಈ ಸಾಕ್ಷಿ ಎಂದೋ ಸೌದೆಯಾಗುತ್ತಿತ್ತು.

ಆದರೆ ಕೇಳಲೇಬೇಕಾದ ಮಾತೊಂದಿದೆ. ಎಡ್ವಿನ್ ಫಾಕ್ಸ್ ಅಂದ್ರೆ ಯಾರಪ್ಪಾ? ಇಂಗ್ಲೆಂಡಿನ ಸೌತಾಂಪ್ಟನ್ನಿನ ಒಬ್ಬ ಗೃಹಸ್ಥ. ಮರ ಕಡಿದವನಲ್ಲ, ಹಲಗೆ ಕೊಯ್ದವನಲ್ಲ. ಕಾಡಿನಲ್ಲಿ ಮರ ಉರುಳಿಸಿದವರು, ಗರಗಸ ಎಳೆದವರು, ಉಳಿ ಹೊಡೆದವರು, ಹಲಗೆ ಸಂದಿಗೆ ನಾರು ತುರುಕಿದವರು ಎಲ್ಲಿ ಹೋದರು? ನೂರೆಪ್ಪತ್ತು ವರ್ಷಗಳ ಮೇಲೂ ಮರ ಉಳಿದಿದೆ, ಆ ಗೃಹಸ್ಥನ ಹೆಸರೂ ಉಳಿದಿದೆ. ಹಡಗಿನ ಮೇಲೆ ಕೂಲಿಯವನ ಹೆಸರಿಗೆ ಒಂದು ಗೇಣು ಜಾಗ ಸಿಗಲಿಲ್ಲ.

ಇದು ಬಿಳಿಯರ ಪಾಪ ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ. ನಮ್ಮ ಮನೆಯ ಕಥೆ ನೋಡಿ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆ ಒಂದು ಮರದ ಹಡಗನ್ನು ಸೇರಿಸಿಕೊಂಡಿತು. ಅಜಂತಾದ ಚಿತ್ರ ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ಹೊಲಿದವರು ಕೇರಳದ ಕುಶಲಕರ್ಮಿಗಳು. ಮುಖ್ಯ ಕಸುಬುದಾರ ಬಾಬು ಶಂಕರನ್ ಅವರ ಹೆಸರು ಈ ಸಲ ಪತ್ರಿಕೆಗಳಲ್ಲಿ ಬಂತು, ಅಷ್ಟು ಒಳ್ಳೆಯದಾಯಿತು. ಹಡಗಿಗೆ ಇಟ್ಟ ಹೆಸರೇನು? ಕೌಂಡಿನ್ಯ! ಕಡಲು ದಾಟಿ ಹೋಗಿ ರಾಜ್ಯ ಕಟ್ಟಿದನೆಂದು ದಂತಕಥೆ ಹೇಳುವ ಬ್ರಾಹ್ಮಣ.

ತಮಾಷೆ ನೋಡಿ. ಮನುಸ್ಮೃತಿಯ ಮೂರನೇ ಅಧ್ಯಾಯ ತೆಗೆಯಿರಿ. ಶ್ರಾದ್ಧದೂಟಕ್ಕೆ ಕರೆಯಬಾರದವರ ಪಟ್ಟಿಯಲ್ಲಿ ಮನೆಗೆ ಬೆಂಕಿ ಇಡುವವನ ಜೊತೆಗೇ ಸಮುದ್ರಯಾನ ಮಾಡುವವನೂ ಕೂತಿದ್ದಾನೆ. ಬೌಧಾಯನನಿಗೆ ಸಮುದ್ರಯಾನವೇ ಪಾತಕ. ಕಡಲಿಗಿಳಿದವನನ್ನು ಪಂಕ್ತಿಯಿಂದ ಎಬ್ಬಿಸಿದ ಶಾಸ್ತ್ರದವರಿಗೆ ಇವತ್ತು ಕಡಲ ಪರಂಪರೆ ಬೇಕು! ಉಪ್ಪುನೀರು ಕುಡಿದವರು ಒಬ್ಬರು, ಪರಂಪರೆ ಉಣ್ಣುವವರು ಇನ್ನೊಬ್ಬರು.

ಇನ್ನು 'ಸ್ವಯಂಸೇವೆ' ಎಂಬ ಮಾತು. ಹೊಟ್ಟೆ ತುಂಬಿದವನು ಕೂಲಿಯಿಲ್ಲದೆ ದುಡಿದರೆ ಸೇವೆ, ಫೋಟೋ, ಹಾರ. ನಮ್ಮಪ್ಪಂದಿರು ಕೂಲಿಯಿಲ್ಲದೆ ಊರಿನ ಸತ್ತ ದನ ಎಳೆದರು, ತಮಟೆ ಬಡಿದರು, ಗೌಡರ ಹೊಲ ಗೇಯ್ದರು. ಅದನ್ನು ಯಾರೂ ಸೇವೆ ಅನ್ನಲಿಲ್ಲ. ಬಿಟ್ಟಿ ಚಾಕರಿ ಅಂದರು. ಜೀತ ತಪ್ಪು ಎಂದು ಕಾನೂನು ಬರೆಯಲು ಈ ದೇಶಕ್ಕೆ 1976 ಬರಬೇಕಾಯಿತು. ಆದ್ದರಿಂದ ನಾಳೆ ನಮ್ಮ ಕರಾವಳಿಯಲ್ಲಿ ಯಾರಾದರೂ ದೋಣಿಗಳ ಮ್ಯೂಸಿಯಂ ಕಟ್ಟಿದರೆ, ಬಿಡುವುಳ್ಳವರು ಬಿಟ್ಟಿಯಾಗಿ ದುಡಿಯಲಿ, ಸಂತೋಷ. ವಿದ್ಯೆ ಹೇಳಿಕೊಡಲು ಬರುವ ಮುದುಕ ಬಡಗಿಗೆ ಮಾತ್ರ ಪೂರ್ತಿ ಕೂಲಿ ಕೊಡಬೇಕು. ಅವನ ದಿನ ಹೋದರೆ ಅವನ ಮನೆಯ ಗಂಜಿ ಹೋಗುತ್ತದೆ.

ಗೆಳೆಯರೇ, ಹಳ್ಳಿ ಮೇಷ್ಟ್ರುಗಳೇ, ಮ್ಯೂಸಿಯಂ ಬೇಡವೆಂದು ನಾವು ಹೇಳಬಾರದು. ಅದು ನಮ್ಮದೂ ಹೌದು ಎಂದು ಹೇಳಬೇಕು. ಅದು ಕಟ್ಟಿಯಾಗುವವರೆಗೆ ಕಾಯುವುದೂ ಬೇಡ. ಹುಡುಗರನ್ನು ಕರಕೊಂಡು ದೋಣಿ ಕಟ್ಟುವ ಕಡೆ ಹೋಗಿ. ಬಡಗಿಯ ಹೆಸರು ಕೇಳಿ, ಮರ ಹೊತ್ತವನ ಹೆಸರು ಕೇಳಿ, ಬಲೆ ಹೆಣೆದ, ಮೀನು ಬುಟ್ಟಿ ಹೊತ್ತ ಹೆಂಗಸಿನ ಹೆಸರು ಕೇಳಿ. ಅವರಿಗೆ ಸಿಕ್ಕ ಕೂಲಿ ಎಷ್ಟು ಅಂತಲೂ ಕೇಳಿ. ನೋಟ್ ಪುಸ್ತಕದಲ್ಲಿ ದುಂಡಗೆ ಬರೆಸಿ.

ಅಕ್ಷರ ನಮ್ಮ ಕೈಗೆ ಬಂದದ್ದು ತಡವಾಗಿ. ಮರಕ್ಕೆ ಗೆದ್ದಲು ಹತ್ತುವ ಮೊದಲು, ಬದುಕಿರುವ ಕೈಗಳ ಹೆಸರನ್ನಾದರೂ ಬರೆದಿಡೋಣ.