ಕಣ್ಣು ಓದಿತೋ, ಕಿವಿ ಓದಿತೋ?

ಮೆದುಳಿಗೆ ಆಘಾತವಾಗಿ ಬದುಕುಳಿದ ಕೆಲವು ಜಪಾನೀಯರಲ್ಲಿ ವೈದ್ಯರು ಒಂದು ಸೋಜಿಗವನ್ನು ಕಂಡಿದ್ದಾರೆ. ಬಾಲ್ಯದಲ್ಲಿ ಮೊತ್ತಮೊದಲು ಕಲಿತ ಸುಲಭವಾದ ಅಕ್ಷರಗಳನ್ನು ಓದಲಾರದ ರೋಗಿ, ಅವಕ್ಕಿಂತ ಎಷ್ಟೋ ಜಟಿಲವಾದ ಬರಹದ ಅರ್ಥವನ್ನು ಗ್ರಹಿಸಬಲ್ಲನು. ಮತ್ತೊಬ್ಬನಲ್ಲಿ ಸ್ಥಿತಿ ಇದಕ್ಕೆ ವಿಪರೀತ. ಒಬ್ಬನೇ ಮನುಷ್ಯನ ಅಕ್ಷರಜ್ಞಾನ ಹೀಗೆ ಇಬ್ಭಾಗವಾಗುವುದೆಂತು?

ಜಪಾನೀ ಬರಹದಲ್ಲಿ ಎರಡು ಬಗೆಯ ಲಿಪಿಗಳು ಒಂದೇ ಸಾಲಿನಲ್ಲಿ ಕಲೆತಿರುತ್ತವೆ. ಕಾನಾ ಎಂಬುದು ನಮ್ಮ ಕಾಗುಣಿತದಂತೆ ದನಿಯನ್ನು ಸೂಚಿಸುತ್ತದೆ. ಚೀನದಿಂದ ಬಂದ ಕಾಂಜಿಯಾದರೋ ಅರ್ಥವನ್ನೂ ಹೊತ್ತಿರುತ್ತದೆ. ಬೆಟ್ಟದ ಕಾಂಜಿಯನ್ನು ಬಿಡಿಯಾಗಿ ಕಂಡರೆ 'ಯಾಮ' ಎಂದು ಓದುತ್ತಾರೆ; ಅದೇ ಬರಹ ಫುಜಿ ಪರ್ವತದ ಹೆಸರಿನಲ್ಲಿ 'ಸಾನ್' ಆಗುತ್ತದೆ. ದನಿ ಬದಲಾದರೂ ಬೆಟ್ಟ ಬೆಟ್ಟವಾಗಿಯೇ ಉಳಿಯುತ್ತದೆ.

'ಕಗಕು' ಎಂಬ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ವಿಜ್ಞಾನಕ್ಕೂ ಕಗಕು, ರಸಾಯನಶಾಸ್ತ್ರಕ್ಕೂ ಕಗಕು. ಮಾತಿನಲ್ಲಿ ಗೊಂದಲವಾಗದಿರಲೆಂದು ಎರಡನೆಯದನ್ನು ಕೆಲವೊಮ್ಮೆ 'ಬಕೆಗಕು' ಎನ್ನುವುದುಂಟು. ಕಾಗದದ ಮೇಲೆ ಈ ಉಪಾಯ ಬೇಕಿಲ್ಲ. ಮೊದಲ ಕಾಂಜಿಯೇ ಬೇರೆಯಾದುದರಿಂದ ಕಣ್ಣು ಕೂಡಲೆ ತೀರ್ಮಾನಿಸುತ್ತದೆ.

ಹಾಗಾದರೆ ಕಾಂಜಿಯ ಓದಿನಲ್ಲಿ ಕಿವಿಗೆ ಕೆಲಸವೇ ಇಲ್ಲವೆ? ಬಹುಕಾಲ ಹಲವರು ಹಾಗೆಯೇ ಭಾವಿಸಿದ್ದರು. 1993ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಭಾವನೆಯನ್ನು ಅಲುಗಿಸಿತು. ಓದುಗರಿಗೆ ಕಾಂಜಿ ಪದವೊಂದನ್ನು ತೋರಿಸಿ, ಅದು ಇಂಥ ವರ್ಗಕ್ಕೆ ಸೇರಿದುದೇ ಎಂದು ಕೇಳಲಾಯಿತು. ಸರಿಯಾದ ಪದದ ಉಚ್ಚಾರವನ್ನೇ ಹೊಂದಿ ಅರ್ಥದಲ್ಲಿ ಬೇರೆಯಾದ ಪದ ಎದುರಾದಾಗ ಅವರು ಹೆಚ್ಚಾಗಿ ತಪ್ಪಿದರು. ಆಕಾರದ ಹೋಲಿಕೆಯೂ ಅವರನ್ನು ದಾರಿತಪ್ಪಿಸಿತು. ತುಟಿ ಅಲುಗದ ಮೌನದಲ್ಲಿಯೂ ಒಳಗಿವಿ ಎಚ್ಚೆತ್ತಿತ್ತು! ಅರ್ಥವು ರೂಪದ ದಾರಿಯಿಂದಲೂ ದನಿಯ ದಾರಿಯಿಂದಲೂ ಮನಸ್ಸಿಗೆ ಬರುತ್ತದೆಯೆಂದಾಯಿತು.

ಈ ಎರಡು ದಾರಿಗಳನ್ನು ಸವೆಸುವುದು ಸುಲಭದ ಮಾತಲ್ಲ. ಪ್ರಾಥಮಿಕ ಶಾಲೆಯ 6 ವರ್ಷಗಳಲ್ಲಿ ಮಗು 1026 ಕಾಂಜಿಗಳನ್ನು ಕಲಿಯಬೇಕು. 2010ರಲ್ಲಿ ಪರಿಷ್ಕರಿಸಿದ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಇವೆ. ಗೆರೆಗಳ ಕ್ರಮ ತಪ್ಪದಂತೆ ಪುಟಗಟ್ಟಲೆ ತಿದ್ದುತ್ತ, ಬಾಯಲ್ಲಿ ಉಚ್ಚರಿಸುತ್ತ ಕುಳಿತ ಮಗುವಿಗೆ ಅದು ಬೇಸರದ ದುಡಿಮೆಯಾಗಿ ತೋರಬಹುದು. ಆದರೆ ಮುಪ್ಪಿನಲ್ಲಿ ಮೆದುಳಿನ ಒಂದು ದಾರಿ ಕುಸಿದ ದಿನ, ಹಾಸಿಗೆಯ ಮೇಲಿನ ರೋಗಿ ಮಡದಿ ಬರೆದು ತೋರಿಸಿದ ಪದವನ್ನು ಗುರುತಿಸಿ ತಲೆಯಾಡಿಸುವಂತಾದರೆ, ಅವನ ಕೈಹಿಡಿದಿರುವುದು ಆ ಬಾಲ್ಯದ ದುಡಿಮೆಯೇ.