ಗೊರಿಲ್ಲಾ ಮನೆಗೆ ದುಡ್ಡು ಸಿಗುತ್ತೆ, ಚರಂಡಿಗೆ?

ಮಂಗಳವಾರ ಮೈಸೂರು ಝೂ ಗೇಟಿನವರೆಗೆ ಹೋಗಿ, ರಜೆ ಅಂತ ಬೋರ್ಡು ನೋಡಿ ವಾಪಸ್ ಬಂದವರು ನಿಮ್ಮ ಪರಿಚಯದಲ್ಲೂ ಒಬ್ಬರಾದರೂ ಇರ್ತಾರೆ. ವಾರಕ್ಕೊಂದು ದಿನ ಜನರಿಗೆ ಬಾಗಿಲು ಹಾಕಲೇಬೇಕು ಅನ್ನೋದು ನಮ್ಮ ದೇಶದ ಮೃಗಾಲಯಗಳಿಗೆ ಇರುವ ನಿಯಮ. ಪ್ರಾಣಿಗಳಿಗೆ ಒಂದಿಷ್ಟು ನೆಮ್ಮದಿ, ಸಿಬ್ಬಂದಿಗೆ ಸಣ್ಣಪುಟ್ಟ ರಿಪೇರಿಗೆ ಸಮಯ. ಆದರೆ ಇಡೀ ಝೂ ನವೀಕರಿಸಬೇಕು ಅಂದರೆ ಮಂಗಳವಾರಗಳು ಸಾಲಲ್ಲ.

ನಾನು ಸಾಫ್ಟ್‌ವೇರ್‌ನವಳು. ಹಳೇ ಸಿಸ್ಟಮ್ ಬದಲಾಯಿಸೋದಾದರೆ ಶನಿವಾರ ರಾತ್ರಿ ಆಫ್ ಮಾಡಿ, ಭಾನುವಾರ ಬೆಳಗ್ಗೆ ಆನ್ ಮಾಡ್ತೀವಿ. ಹುಲಿಯನ್ನು ಹಾಗೆ ಆಫ್ ಮಾಡೋಕಾಗಲ್ಲ. ಮೊದಲು ಹೊಸ ಆವರಣ ಕಟ್ಟಬೇಕು. ಸಾಗಿಸುವ ಪೆಟ್ಟಿಗೆಯೊಳಗೇ ದಿನಾ ಊಟ ಇಟ್ಟು, ಪ್ರಾಣಿ ತಾನಾಗಿಯೇ ಒಳಗೆ ಹೋಗುವಷ್ಟು ಅಭ್ಯಾಸ ಮಾಡಿಸಬೇಕು. ಆಮೇಲೆ ಸ್ಥಳಾಂತರ, ಕೊನೆಗೆ ಹಳೇದನ್ನ ಕೆಡವೋದು. ಅಂದರೆ ಒಂದು ಜಾಗ ಯಾವಾಗಲೂ ಖಾಲಿ ಇರಬೇಕು. ಕಾಗದದ ಮೇಲೆ ಅದು ವ್ಯರ್ಥ ಅನ್ನಿಸುತ್ತೆ. ನಿಜವಾಗಿ ಇಡೀ ಯೋಜನೆ ನಿಂತಿರೋದೇ ಅದರ ಮೇಲೆ.

ಮೈಸೂರು ಝೂ ಶುರುವಾಗಿದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ. ಈಗ ಸುಮಾರು 157 ಎಕರೆ. ಹಳೇ ಕಾಲದ ಮೃಗಾಲಯಗಳನ್ನು ನೋಡೋಕೆ ಬರೋರ ಅನುಕೂಲಕ್ಕೆ ಕಟ್ತಿದ್ರು. ಈಗ ಕಂಬಿಯ ಜಾಗಕ್ಕೆ ಕಂದಕ, ಸಿಮೆಂಟಿನ ಜಾಗಕ್ಕೆ ಮಣ್ಣು, ಮರ ಬಂದಿದೆ. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಅದರ ಮಾನ್ಯತೆ ಇಲ್ಲದೆ ಯಾರೂ ಝೂ ನಡೆಸುವಂತಿಲ್ಲ. ಮುಂದಿನ ವರ್ಷಗಳಿಗೆ ಮಾಸ್ಟರ್ ಪ್ಲಾನ್ ಕೂಡ ಕೊಡಬೇಕು. ಹಾಗಾಗಿ ಪ್ಲಾನ್‌ಗೆ ಕೊರತೆ ಇಲ್ಲ. ಪ್ರಶ್ನೆ ಇರೋದು ಯಾವ ದುಡ್ಡು ಯಾವುದಕ್ಕೆ ಸಿಗುತ್ತೆ ಅನ್ನೋದರಲ್ಲಿ.

2014ರಲ್ಲಿ ಪೋಲೋ ಗೊರಿಲ್ಲಾ ತೀರಿಕೊಂಡ ಮೇಲೆ ಮೈಸೂರಿನಲ್ಲಿ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಬಂದರು. ಅವರ ಮನೆಗೆ ನೆರವು ಕೊಟ್ಟಿದ್ದು ಇನ್ಫೋಸಿಸ್ ಫೌಂಡೇಶನ್. ಒರಾಂಗುಟಾನ್ ಮನೆಗೆ ರಿಸರ್ವ್ ಬ್ಯಾಂಕಿನ ನೋಟು ಮುದ್ರಣ ಸಂಸ್ಥೆ. ಒಳ್ಳೇ ಕೆಲಸ, ಎರಡು ಮಾತಿಲ್ಲ. ಆದರೆ ಕಟ್ಟಡ ಒಂದು ಸಲದ ಖರ್ಚು. ಮೇವು, ಮಾಂಸ, ಔಷಧಿ, ನೀರು, ಚರಂಡಿ, ಕೀಪರ್‌ಗಳ ಸಂಬಳ ತಿಂಗಳು ತಿಂಗಳೂ ಬರೋದು. ಅದನ್ನ ಹೊರೋದು ಮುಖ್ಯವಾಗಿ ಗೇಟಿನ ಟಿಕೆಟ್ ದುಡ್ಡು.

ಗೇಟು ಮುಚ್ಚಿದರೆ? 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಸುಮಾರು ಒಂದು ತಿಂಗಳು ಮುಚ್ಚಿತ್ತು. 2020ರಲ್ಲಿ ಲಾಕ್‌ಡೌನ್. ಆನೆಗೆ ಲಾಕ್‌ಡೌನ್ ಅಂತ ಹಸಿವು ಕಮ್ಮಿ ಆಗುತ್ತಾ? ಆಗ ಝೂ ಜನರ ಮುಂದೆ ಕೈಚಾಚಬೇಕಾಯ್ತು. 2021ರಲ್ಲಿ ಸಿನಿಮಾ ನಟರೊಬ್ಬರು ಪ್ರಾಣಿಗಳನ್ನು ದತ್ತು ತಗೊಳ್ಳಿ ಅಂದಿದ್ದೇ ತಡ, ಜನ ಮುಗಿಬಿದ್ದು ದತ್ತು ತಗೊಂಡರು. ನಮ್ಮ ಜನಕ್ಕೆ ಮನಸ್ಸಿದೆ, ನೆನಪಿಸೋರು ಬೇಕು ಅಷ್ಟೇ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಆಫೀಸಿನ ಸಿಎಸ್‌ಆರ್ ಮೀಟಿಂಗ್‌ನಲ್ಲಿ ಈ ವಿಷಯಕ್ಕೇ ಜಗಳ ಆಯ್ತು. ಪ್ರಾಣಿ ಕಲ್ಯಾಣಕ್ಕೆ ಸಿಎಸ್‌ಆರ್ ದುಡ್ಡು ಕೊಡೋಕೆ ಕಾನೂನಿನಲ್ಲಿ ಅವಕಾಶ ಇದೆ. ಹುಲಿ ಆವರಣದ ಮುಂದೆ ಗಾಜಿನ ವೀಕ್ಷಣಾ ಜಾಗ ಕಟ್ಟಿಸೋಣ ಅಂದರು ಸೀನಿಯರ್ ಒಬ್ಬರು. ಪ್ರಾಣಿಗಳು ರಾತ್ರಿ ಮಲಗುವ ಕೋಣೆಗಳಿಗೆ, ಅಲ್ಲಿನ ಚರಂಡಿ, ನೀರಿನ ವ್ಯವಸ್ಥೆಗೆ ಕೊಡೋಣ, ಐದು ವರ್ಷದ ನಿರ್ವಹಣೆಯನ್ನೂ ಸೇರಿಸೋಣ ಅಂದೆ ನಾನು.

“ಸರಿ ಕಣಮ್ಮ, ಆದರೆ ನಮ್ಮ ಬೋರ್ಡ್ ಎಲ್ಲಿ ಹಾಕೋದು? ಅಲ್ಲಿಗೆ ಜನಾನೇ ಹೋಗಲ್ವಲ್ಲ.”

ಅವರು ಕೆಟ್ಟವರಲ್ಲ. ಖರ್ಚಿಗೆ ಮೇಲಿನವರಿಗೆ ಲೆಕ್ಕ ತೋರಿಸಬೇಕು, ಫೋಟೋ ಬೇಕು. ಆದರೆ ಪ್ರಾಣಿ ಅರ್ಧ ಆಯುಸ್ಸು ಕಳೆಯೋದು ನಾವು ನೋಡದ ಆ ಕೋಣೆಯಲ್ಲೇ. ನೆಲ ಒದ್ದೆ ಇದ್ದರೆ, ಗಾಳಿ ಆಡದಿದ್ದರೆ, ಮುಂದಿನ ಗಾಜು ಎಷ್ಟು ಹೊಳೆದರೂ ಅದಕ್ಕೇನು ಲಾಭ?

ನಿರ್ಧಾರ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ನಾವು ಆರು ಜನ ತಿಂಗಳಿಗಿಷ್ಟು ಅಂತ ಎತ್ತಿಡ್ತಿದ್ದೀವಿ. ವರ್ಷಕ್ಕೊಂದು ದತ್ತು, ಅದೂ ಯಾರೂ ಸೆಲ್ಫಿ ತಗೊಳ್ಳದ ಪ್ರಾಣಿ. ಕತ್ತೆಕಿರುಬದ ಹೆಸರು ಹೇಳಿದಾಗ ಎಲ್ಲರೂ ನಕ್ಕರು, ಆಮೇಲೆ ಒಪ್ಪಿದರು.

ನಿಮ್ಮ ಕಂಪನಿಯಲ್ಲೂ ಇಂಥ ಮೀಟಿಂಗ್ ಬಂದರೆ ಒಂದೇ ಪ್ರಶ್ನೆ ಕೇಳಿ: ಉದ್ಘಾಟನೆ ಆದ ಮಾರನೇ ದಿನ ಇದನ್ನ ತೊಳೆಯೋರು ಯಾರು, ಅವರಿಗೆ ಸಂಬಳ ಕೊಡೋರು ಯಾರು? ಉತ್ತರ ಇದ್ದರೆ ಅದು ಯೋಜನೆ. ಇಲ್ಲದಿದ್ದರೆ ಬರೀ ಬೋರ್ಡು.